ಹಿಮೋಗ್ಲೋಬಿನ್ ಕಡಿಮೆ ಅಂದ ಕೂಡಲೇ ಕಬ್ಬಿಣದ ಮಾತ್ರೆ ನುಂಗಬೇಕಾ?

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಠಾಣೆಯ ವಾಗ್ಳೆ ಎಸ್ಟೇಟ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋಳು. ಇವತ್ತಿನ ಮಾತು ಹುಟ್ಟಿದ್ದು ನಮ್ಮ ಆಫೀಸಿನ ರಕ್ತದಾನ ಶಿಬಿರದಲ್ಲಿ. ರಕ್ತ ಕೊಡೋಕೆ ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ನಂದು 10.4, ನನ್ನ ಹಿಂದೆ ನಿಂತಿದ್ದ ಗೆಳತಿಯದು 10.6. ಇಬ್ಬರನ್ನೂ ವಾಪಸ್ ಕಳಿಸಿದರು. ಅವತ್ತೇ ಸಂಜೆ ಇಬ್ಬರೂ ಮೆಡಿಕಲ್ ಶಾಪ್‌ಗೆ ಹೋಗಿ ಕಬ್ಬಿಣದ ಮಾತ್ರೆ ತಗೊಂಡ್ವಿ. ಮೂರು ತಿಂಗಳಾದ ಮೇಲೆ ನೋಡಿದರೆ ಇಬ್ಬರಿಗೂ ಅಂಥಾ ಏರಿಕೆ ಇಲ್ಲ. ಆದರೆ ಕಾರಣ ಮಾತ್ರ ಬೇರೆ ಬೇರೆ. ಅದನ್ನ ಅರ್ಥ ಮಾಡಿಕೊಳ್ಳೋಕೆ ದೇಹದಲ್ಲಿ ಕಬ್ಬಿಣದ ಲೆಕ್ಕ ಹೇಗೆ ನಡೆಯುತ್ತೆ ಅಂತ ನೋಡಬೇಕು.

ನಮ್ಮ ಮೈಯಲ್ಲಿರೋ ಒಟ್ಟು ಕಬ್ಬಿಣ ಸುಮಾರು 3ರಿಂದ 4 ಗ್ರಾಂ. ಅದರಲ್ಲಿ ಹೆಚ್ಚಿನ ಪಾಲು ಇರೋದು ಹಿಮೋಗ್ಲೋಬಿನ್‌ನಲ್ಲಿ. ಹಳೇ ಕೆಂಪು ರಕ್ತಕಣ ಸತ್ತಾಗ ಅದರ ಕಬ್ಬಿಣವನ್ನ ದೇಹ ಬಿಸಾಡಲ್ಲ. ದಿನಕ್ಕೆ 20ರಿಂದ 25 ಮಿಲಿಗ್ರಾಂನಷ್ಟು ತೆಗೆದು ಮತ್ತೆ ಬಳಸುತ್ತೆ. ಊಟದಿಂದ ಒಳಗೆ ಬರೋದು ಬರೀ 1ರಿಂದ 2 ಮಿಲಿಗ್ರಾಂ.

ಇಲ್ಲಿ ಒಂದು ವಿಚಿತ್ರ ಇದೆ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತೆ. ಕಬ್ಬಿಣ ಹೆಚ್ಚಾದರೆ ಹೊರಗೆ ಹಾಕೋಕೆ ದೇಹದಲ್ಲಿ ವ್ಯವಸ್ಥೆಯೇ ಇಲ್ಲ! ಚರ್ಮ, ಕರುಳಿನ ಕಣಗಳು ಉದುರುವಾಗ ಒಂಚೂರು, ಮುಟ್ಟಿನಲ್ಲಿ ಇನ್ನೊಂಚೂರು ಹೋಗುತ್ತೆ, ಅಷ್ಟೇ. ಅದಕ್ಕೇ ಕಾವಲೆಲ್ಲಾ ಒಳಗೆ ಬರೋ ಬಾಗಿಲಲ್ಲೇ. ಕಾವಲುಗಾರನ ಹೆಸರು ಹೆಪ್ಸಿಡಿನ್, ಯಕೃತ್ತು ತಯಾರಿಸೋ ಒಂದು ಹಾರ್ಮೋನ್. ಕಬ್ಬಿಣ ಸಾಕಷ್ಟಿದ್ದರೆ ಹೆಪ್ಸಿಡಿನ್ ಏರಿ, ಕರುಳಿಂದ ರಕ್ತಕ್ಕೆ ಕಬ್ಬಿಣ ದಾಟೋ ಬಾಗಿಲು ಮುಚ್ಚುತ್ತೆ. ಕೊರತೆಯಿದ್ದರೆ ಇಳಿದು ಬಾಗಿಲು ತೆರೆಯುತ್ತೆ. ಸೋಂಕು, ಉರಿಯೂತ ಇದ್ದಾಗಲೂ ಬಾಗಿಲು ಬಂದ್, ಯಾಕಂದ್ರೆ ಬೆಳೆಯೋಕೆ ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕು.

ಈಗ ನನ್ನ ಕಥೆ. ನಾನು ಬೆಳಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗ್ತಿದ್ದೆ, ಬೇಗ ಸರಿಹೋಗಲಿ ಅಂತ. ಆದರೆ ಒಂದು ದೊಡ್ಡ ಡೋಸ್ ಒಳಗೆ ಹೋದ ಕೂಡಲೇ ಹೆಪ್ಸಿಡಿನ್ ಏರುತ್ತೆ, ಸುಮಾರು ಒಂದು ದಿನ ಹಾಗೇ ಇರುತ್ತೆ. ಅಂದ್ರೆ ರಾತ್ರಿ ಮಾತ್ರೆ ಹೋಗಿ ಮುಚ್ಚಿದ ಬಾಗಿಲು ತಟ್ಟುತ್ತಿತ್ತು. 2017ರಲ್ಲಿ ಜ್ಯೂರಿಕ್‌ನ ಸಂಶೋಧಕರು ಕಬ್ಬಿಣ ಕಡಿಮೆಯಿದ್ದ ಯುವತಿಯರಲ್ಲಿ ನೋಡಿದಾಗ, ದಿನಾ ಕೊಟ್ಟಿದ್ದಕ್ಕಿಂತ ದಿನ ಬಿಟ್ಟು ದಿನ ಕೊಟ್ಟ ಮಾತ್ರೆಯಿಂದ ಹೆಚ್ಚು ಪಾಲು ಹೀರಿಕೆಯಾಯ್ತು. ನನ್ನ ಇನ್ನೊಂದು ತಪ್ಪು, ಮಾತ್ರೆ ನುಂಗಿ ಮೇಲೊಂದು ಕಟಿಂಗ್ ಚಾಯ್. ಚಹಾದ ಟ್ಯಾನಿನ್ ಕಬ್ಬಿಣವನ್ನ ಹಿಡಿದಿಟ್ಟುಕೊಳ್ಳುತ್ತೆ. ಹಾಸನದಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ 'ರಾಗಿ ಮುದ್ದೆ ತಿನ್ನೇ' ಅಂತಿದ್ರು. ರಾಗಿಯಲ್ಲಿ ಕಬ್ಬಿಣ ಇದೆ ನಿಜ, ಆದರೆ ಜೊತೆಗಿರೋ ಫೈಟೇಟ್ ಅದನ್ನ ಸುಲಭವಾಗಿ ಬಿಡಲ್ಲ. ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತೆ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಸೇರುತ್ತೆ.

ಡಾಕ್ಟರ್ ನನಗೆ ಫೆರಿಟಿನ್ ಪರೀಕ್ಷೆ ಮಾಡಿಸಿದರು. ಇದು ದೇಹದ ಉಗ್ರಾಣದಲ್ಲಿ ಎಷ್ಟು ಕಬ್ಬಿಣ ಉಳಿದಿದೆ ಅಂತ ಹೇಳುತ್ತೆ. 15ಕ್ಕಿಂತ ಕಡಿಮೆಯಾದರೆ ಕೊರತೆ. ನಂದು 6. ಉಗ್ರಾಣ ಖಾಲಿ.

ಗೆಳತಿಯದು? ಪೂರ್ತಿ ನಾರ್ಮಲ್. ಉಗ್ರಾಣ ತುಂಬಿದೆ, ರಕ್ತಕಣ ಮಾತ್ರ ಸಣ್ಣ. ಇನ್ನೊಂದು ಪರೀಕ್ಷೆಯಲ್ಲಿ ಗೊತ್ತಾಯ್ತು, ಅವಳು ಥಲಸೀಮಿಯಾ ಮೈನರ್, ಅಂದ್ರೆ ವಾಹಕಿ. ಅವಳ ಮನೆ ಕಲ್ಯಾಣದ ಪಕ್ಕದ ಉಲ್ಲಾಸನಗರ, ವಿಭಜನೆ ಕಾಲದಲ್ಲಿ ಬಂದ ಸಿಂಧಿಗಳ ಊರು. ಸಿಂಧಿ, ಪಂಜಾಬಿ, ಲೋಹಾಣಾ ಸಮುದಾಯಗಳಲ್ಲಿ ಈ ವಾಹಕರು ಹೆಚ್ಚು, ಹಾಗಂತ ಬೇರೆಯವರಲ್ಲಿ ಇಲ್ಲ ಅಂತಲ್ಲ. ಅವಳ ಹಿಮೋಗ್ಲೋಬಿನ್ ಕಡಿಮೆ ಇರೋದು ಕಬ್ಬಿಣ ಇಲ್ಲದೆ ಅಲ್ಲ. ಮೂರು ತಿಂಗಳು ಅವಳು ನುಂಗಿದ್ದು ಬೇಡದ ಮಾತ್ರೆ.

ವಾಹಕರು ಆರೋಗ್ಯವಾಗೇ ಇರ್ತಾರೆ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ, ಪ್ರತಿ ಮಗುವಿಗೂ ಥಲಸೀಮಿಯಾ ಮೇಜರ್ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕು. ಒಂದು ಬಾಟಲಿ ರಕ್ತದಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ. ಅದು ನೇರ ರಕ್ತನಾಳಕ್ಕೆ ಹೋಗೋದರಿಂದ ಕರುಳಿನ ಬಾಗಿಲಿಗೆ ಕೆಲಸವೇ ಇಲ್ಲ, ಹೊರಗೆ ಹೋಗೋ ದಾರಿ ಮೊದಲೇ ಇಲ್ಲ. ಯಕೃತ್ತು, ಹೃದಯದಲ್ಲಿ ಕೂತು ಹಾಳು ಮಾಡುತ್ತೆ. ಅದಕ್ಕೇ ಕಬ್ಬಿಣ ಹೊರಹಾಕೋ ಔಷಧಿಯನ್ನ ಅವರು ನಿರಂತರವಾಗಿ ತಗೋಬೇಕು.

ಗೆಳತಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗನಿಗೆ ಹೇಳೋದಾ ಬೇಡವಾ ಅಂತ ಎರಡು ದಿನ ಒದ್ದಾಡಿದಳು. ಹೇಳಿದಳು. ಅವನೂ ಪರೀಕ್ಷೆ ಮಾಡಿಸಿಕೊಂಡ, ವಾಹಕ ಅಲ್ಲ. ಮದುವೆ ಚೆನ್ನಾಗಿ ಆಯ್ತು, ಊಟಕ್ಕೆ ನಾನೂ ಹೋಗಿದ್ದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಕರ್ನಾಟಕದಲ್ಲಿ 47.8%, ಮಹಾರಾಷ್ಟ್ರದಲ್ಲಿ 54.2%. ಹಾಗಾಗಿ ಮಾತ್ರೆ ಬೇಡ ಅಂತ ನಾನು ಹೇಳ್ತಿಲ್ಲ. ಗರ್ಭಿಣಿಯರಂತೂ ಡಾಕ್ಟರ್ ಕೊಟ್ಟಿದ್ದನ್ನ ಬಿಡಲೇಬೇಡಿ. ನಾನು ಹೇಳೋದಿಷ್ಟೇ: ಹಿಮೋಗ್ಲೋಬಿನ್ ಕಡಿಮೆ ಬಂದರೆ ಡಾಕ್ಟರನ್ನ ಮೂರು ಪ್ರಶ್ನೆ ಕೇಳಿ. ಫೆರಿಟಿನ್ ಎಷ್ಟು? ಕೊರತೆ ಇದ್ದರೆ ರಕ್ತ ಎಲ್ಲಿ ಹೋಗ್ತಿದೆ, ಮುಟ್ಟಿನಲ್ಲೋ, ಮೂಲವ್ಯಾಧಿಯಲ್ಲೋ, ಹೊಟ್ಟೆಹುಳದಿಂದಲೋ? ಮಾತ್ರೆ ಯಾವಾಗ, ಹೇಗೆ ತಗೋಬೇಕು?

ನನಗೀಗ 12.8. ಮುಂದಿನ ಶಿಬಿರದಲ್ಲಿ ಸಾಲಲ್ಲಿ ನಿಲ್ತೀನಿ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ ಇದನ್ನ ತಿಳಿಸಿ.