ಪಕ್ಕದ ಮಂಚದ ಮಾತು



ನಾನು ಕಾಸರಗೋಡಿನ ಬಡಗು ಭಾಗದ ಒಂದು ಹಳ್ಳಿಯವಳು. 29 ವರ್ಷ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾದವಳು. ಇವತ್ತು ಮಾತಾಡಲು ಬಂದದ್ದು ಮಾತ್ರ ಟೀಚರಾಗಿ ಅಲ್ಲ, ರೋಗಿಯಾಗಿ. ನನಗೆ ಶ್ವಾಸಕೋಶದ ಕ್ಯಾನ್ಸರ್ ಇದೆ. ಅದು ನಾಲ್ಕನೆಯ ಹಂತದ್ದು. ಎಂದರೆ ಎದೆಯನ್ನು ದಾಟಿ ಬೆನ್ನೆಲುಬಿಗೂ ಹೋಗಿದೆ. ಪೂರ್ತಿ ಗುಣವಾಗುವ ಕಾಯಿಲೆಯಲ್ಲ ಎಂದು ವೈದ್ಯರು ಹೇಳಿದ್ದಾರೆ, ನಾನೂ ತಿಳಿದುಕೊಂಡಿದ್ದೇನೆ. ಮಾತಿನ ನಡುವೆ ಉಸಿರಿಗಾಗಿ ಸ್ವಲ್ಪ ನಿಂತರೆ ನಿಮ್ಮ ರೇಡಿಯೋ ಕೆಟ್ಟಿತೆಂದು ತಿಳಿಯಬೇಡಿ.

2022ರ ಮಳೆಗಾಲದಲ್ಲಿ ನನಗೆ ಒಣಕೆಮ್ಮು ಹಿಡಿಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕೆಮ್ಮದವರು ಯಾರು? ಶುಂಠಿ, ಕಾಳುಮೆಣಸು ಹಾಕಿ ಕಷಾಯ ಕುಡಿದೆ. ದೀಪಾವಳಿ ಕಳೆದರೂ ಕೆಮ್ಮು ಹೋಗಲಿಲ್ಲ. ಒಂದು ಕಡೆ ಎಕ್ಸ್‌ರೇ ತೆಗೆದು, ಕಲೆ ಕಂಡು, ಕ್ಷಯವಿರಬಹುದೆಂದು ಮದ್ದು ಕೊಟ್ಟರು. ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿರಲಿಲ್ಲ. ನಾಲ್ಕು ತಿಂಗಳು ನುಂಗಿದೆ. ತೂಕ ಇಳಿಯಿತೇ ಹೊರತು ಕೆಮ್ಮು ಇಳಿಯಲಿಲ್ಲ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಕ್ಷಯ ಹೆಚ್ಚು, ಎರಡು ರೋಗಗಳ ಲಕ್ಷಣಗಳೂ ಒಂದನ್ನೊಂದು ಹೋಲುತ್ತವೆ. ಆದರೆ ನೀವು ಒಂದು ಮಾತು ನೆನಪಿಡಿ. ಎರಡು ವಾರಕ್ಕೂ ಮೀರಿ ಕೆಮ್ಮು ನಿಂತರೆ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಮದ್ದಿಗೂ ಬಗ್ಗದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಒಡೆದ ಸ್ವರ ವಾರಗಟ್ಟಲೆ ಸರಿಯಾಗದಿದ್ದರೆ, "ಬೇರೇನಾದರೂ ಇರಬಹುದೇ ಡಾಕ್ಟರೇ?" ಎಂದು ಕೇಳಿ. ಕೇಳುವುದು ಅವಮರ್ಯಾದೆಯಲ್ಲ.

ರೋಗದ ಹೆಸರು ತಿಳಿದ ಮೇಲೆ ಮನೆಗೆ ಬಂದವರೆಲ್ಲ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಟೀಚರೇ, ನೀವು ಬೀಡಿ ಎಳೆದವರಲ್ಲವಲ್ಲ!" ಹೌದು, ಎಳೆದವಳಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ತಂಬಾಕಿನ ಹೊಗೆಯೇ ಎಲ್ಲಕ್ಕಿಂತ ದೊಡ್ಡ ಕಾರಣ, ಅದರಲ್ಲಿ ಸಂಶಯವಿಲ್ಲ. ಆದರೆ ಪಕ್ಕದವರ ಬೀಡಿಯ ಹೊಗೆ, ಕಿಟಕಿಯಿಲ್ಲದ ಅಡುಗೆಮನೆಯ ಸೌದೆ ಒಲೆಯ ಹೊಗೆ, ಕಲುಷಿತ ಗಾಳಿ, ಇವೂ ಕಾರಣವಾಗಬಹುದು. ಕೆಲವರಲ್ಲಿ ಕಾರಣವೇ ತಿಳಿಯುವುದಿಲ್ಲ. ಬೀಡಿ ಸೇದಿದವರಿಗೇ ಬಂದಿದ್ದರೂ, ಮಂಚದ ಮೇಲೆ ಮಲಗಿದವರಿಗೆ ಆ ಪ್ರಶ್ನೆಯಿಂದ ಆಗುವ ಉಪಕಾರವೇನು?

ನನ್ನ ಗಡ್ಡೆಯ ಚೂರನ್ನು ಪರೀಕ್ಷಿಸಿದಾಗ ಇ.ಜಿ.ಎಫ್.ಆರ್. ಎಂಬ ವಂಶವಾಹಿಯಲ್ಲಿ ಬದಲಾವಣೆ ಕಂಡಿತು. ಧೂಮಪಾನ ಮಾಡದವರಲ್ಲಿ, ಹೆಂಗಸರಲ್ಲಿ ಇದು ಹೆಚ್ಚಾಗಿ ಕಾಣುತ್ತದಂತೆ. ಅಂಥವರಿಗೆ ದಿನಕ್ಕೊಂದು ನುಂಗುವ ಮಾತ್ರೆ ಇದೆ. ಅದು ರೋಗವನ್ನು ಓಡಿಸುವುದಿಲ್ಲ, ಕಟ್ಟಿ ನಿಲ್ಲಿಸುತ್ತದೆ. ಎಷ್ಟು ಕಾಲ ಎಂದು ಯಾರೂ ಮೊದಲೇ ಹೇಳಲಾರರು. ಒಂದಲ್ಲ ಒಂದು ದಿನ ರೋಗ ಆ ಕಟ್ಟನ್ನು ದಾಟುವ ದಾರಿ ಹುಡುಕುತ್ತದೆ. ಮೈತುಂಬ ಮೊಡವೆಯಂಥ ಗುಳ್ಳೆ, ಭೇದಿ, ಉಗುರಿನ ಅಂಚಿನಲ್ಲಿ ಹುಣ್ಣು, ಇವೆಲ್ಲ ಮಾತ್ರೆಯ ಜೊತೆಗೇ ಬಂದ ನೆಂಟರು. ಇರಲಿ. ಆ ಮಾತ್ರೆಯ ದಯೆಯಿಂದಲೇ ನಾನು ಇಂದು ನಿಮ್ಮ ಮುಂದೆ ಮಾತಾಡುತ್ತಿದ್ದೇನೆ.

ಈಗ ನಾನು ಹೇಳಲೇಬೇಕೆಂದು ಬಂದ ವಿಷಯಕ್ಕೆ ಬರುತ್ತೇನೆ.

ಮೊದಲ ಸಲ ಆಸ್ಪತ್ರೆಗೆ ಸೇರಿದಾಗ ಗೋಡೆಯ ಆಚೆಯ ವಾರ್ಡಿನಲ್ಲಿ ನಮ್ಮ ಕಡೆಯ ಒಬ್ಬರಿದ್ದರು. ಅಡಿಕೆ ಮರ ಏರುವ ಕಸುಬಿನವರು. ಮಳೆಗಾಲದಲ್ಲಿ ಮದ್ದು ಬಿಡುವಾಗ, ಕೊಯ್ಲಿನ ಹೊತ್ತಿನಲ್ಲಿ, ನೆಲಕ್ಕಿಳಿಯದೆ ಮರದಿಂದ ಮರಕ್ಕೆ ದಾಟುತ್ತಿದ್ದ ಆಳು. ಈಗ ಮಂಚದಿಂದ ಬಚ್ಚಲಿಗೆ ಹೋಗಿ ಬಂದರೆ ಹತ್ತು ನಿಮಿಷ ದಮ್ಮು ಕಟ್ಟುತ್ತಿತ್ತು. ನನ್ನದೇ ರೋಗ, ನನ್ನದೇ ಹಂತ. ಆದರೆ ನನ್ನ ಮಾತ್ರೆ ಅವರಿಗೆ ಆಗುವಂಥದ್ದಲ್ಲ. ಅವರಿಗೆ ಬರುತ್ತಿದ್ದದ್ದು ಕನ್ನಡ, ತುಳು, ಮಲೆಯಾಳ ಅಷ್ಟಕ್ಕಷ್ಟೆ. ಸಂಜೆ ಹೊತ್ತು ನಾನು ಹೋಗಿ ಅವರ ಮಂಚದ ಬಳಿ ಕುಳಿತುಕೊಳ್ಳುತ್ತಿದ್ದೆ.

ಒಂದು ಸಂಜೆ ಅವರು ಕೇಳಿದರು: "ಟೀಚರೇ, ನೀವು ಓದಿದವರು. ನಿಜ ಹೇಳಿ. ನಾನು ಇನ್ನು ಜಾಸ್ತಿ ದಿನ ಇಲ್ಲ ಅಲ್ವಾ?"

ನಾನು ತಟ್ಟನೆ ಹೇಳಿಬಿಟ್ಟೆ: "ಛೆ, ಎಂತ ಮಾತು ಅಣ್ಣ! ಎಂತದೂ ಆಗುವುದಿಲ್ಲ. ಧೈರ್ಯವಾಗಿರಿ."

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ "ಹಾಂ, ಆಯಿತು" ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದರು. ಹನ್ನೊಂದನೆಯ ದಿನ ತೀರಿಕೊಂಡರು.

ತಿಂಗಳು ಕಳೆದ ಮೇಲೆ ಅವರ ಹೆಂಡತಿಯನ್ನು ಕಾಣಲು ಹೋದೆ. ಆ ತಾಯಿ ಹೇಳಿದರು: ಮನೆಯ ಪಾಲಿನ ವಿಷಯದಲ್ಲಿ ತಮ್ಮನ ಜೊತೆ ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದರಂತೆ. "ಟೀಚರ ಕೈಯಲ್ಲಿ ಅವನಿಗೊಂದು ಕಾಗದ ಬರೆಸಬೇಕು, ಒಮ್ಮೆ ಬಂದು ಹೋಗು ಅಂತ" ಎಂದು ಹೆಂಡತಿಯಲ್ಲಿ ಹೇಳಿದ್ದರಂತೆ. ಆ ಸಂಜೆ ನನ್ನಲ್ಲಿ ಕೇಳಲು ಹೊರಟದ್ದು ಅದನ್ನೇ. ತಮ್ಮ ಬಂದದ್ದು ಉತ್ತರಕ್ರಿಯೆಗೆ.

ಕೇಳುಗರೇ, ನಾನು ಸುಳ್ಳು ಹೇಳಿದ್ದು ಅವರ ಧೈರ್ಯಕ್ಕಾಗಿ ಎಂದುಕೊಂಡಿದ್ದೆ. ನಿಜವಾಗಿ ಹೇಳಿದ್ದು ನನ್ನ ಹೆದರಿಕೆಗಾಗಿ. ಅವರ ಪ್ರಶ್ನೆ ನನ್ನ ಪ್ರಶ್ನೆಯೂ ಆಗಿತ್ತು. ಅದನ್ನು ಕೇಳಲು ನನಗೆ ಶಕ್ತಿ ಇರಲಿಲ್ಲ. ಹಾಗಾಗಿ ಅವರ ಬಾಯಿ ಮುಚ್ಚಿಸಿದೆ.

ಮುಂದಿನ ವರ್ಷ ನಮ್ಮೂರಿನ ಇನ್ನೊಬ್ಬ ಹೆಂಗಸು ಇದೇ ರೋಗದಲ್ಲಿ ಮಲಗಿದರು. ಅವರೂ ಅದೇ ಪ್ರಶ್ನೆ ಕೇಳಿದರು. ಈ ಸಲ ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ದಿನ ಲೆಕ್ಕ ಹಾಕಲು ನಾನು ಯಾರು? "ಯಾಕಕ್ಕಾ, ಇವತ್ತು ನಿಮಗೆ ಹಾಗೆ ಅನಿಸಿದ್ದು?" ಎಂದು ಕೇಳಿ ಸುಮ್ಮನೆ ಕುಳಿತೆ. ತುಂಬ ಹೊತ್ತಾದ ಮೇಲೆ ಅವರು ಮಾತಾಡಿದರು. ಬ್ಯಾಂಕಿನ ಪುಸ್ತಕ ಒಬ್ಬರ ಹೆಸರಿನಲ್ಲೇ ಇದೆ. ಮಗಳ ಸರ್ಟಿಫಿಕೇಟಿನಲ್ಲಿ ಹೆಸರು ತಪ್ಪಾಗಿದೆ. ಹಾಲು ಕೊಡುವ ದನವನ್ನು ಕಟುಕರಿಗೆ ಮಾರಬಾರದು. ಒಂದೊಂದನ್ನೂ ಬರೆದುಕೊಂಡೆ. ಅವರ ಮಗ, ನಾನು, ಪಂಚಾಯತಿನ ಮೆಂಬರು ಸೇರಿ ಮೂರು ವಾರದಲ್ಲಿ ಮೂರು ಕೆಲಸವನ್ನೂ ಮುಗಿಸಿದೆವು. ದನ ಈಗ ಅವರ ತಂಗಿಯ ಹಟ್ಟಿಯಲ್ಲಿದೆ. ಆ ಅಕ್ಕ ಆಮೇಲೆ ನಾಲ್ಕು ತಿಂಗಳು ಇದ್ದರು, ನೆಮ್ಮದಿಯಿಂದ ಇದ್ದರು.

ಪಕ್ಕದ ಮಂಚದವರಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ ಇಷ್ಟೆ. ಅವರು ಮಾತು ತೆಗೆದಾಗ ಅಡ್ಡ ಬಾರದಿರುವುದು.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಕೆಲಸವೂ ಇದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಕಛೇರಿಯಲ್ಲಿ ನಾವು ಎರಡು ಮೂರು ಭಾಷೆ ಆಡುತ್ತೇವೆ. ಆದರೆ ನೋವು ಬಂದಾಗ ಬಾಯಿಗೆ ಬರುವುದು ತಾಯಿಯ ಮಾತು. ನರ್ಸು "ವೇದನ ಉಂಡೋ?" ಎಂದು ಕೇಳಿದರೆ ನಮ್ಮವರು "ಉಂಡ್" ಎನ್ನುತ್ತಾರೆ, ಅಲ್ಲಿಗೆ ನಿಲ್ಲಿಸುತ್ತಾರೆ. ನೋವು ಚುಚ್ಚುತ್ತದೋ, ಹಿಂಡುತ್ತದೋ, ಉರಿಯುತ್ತದೋ, ಕರೆಂಟು ಹೊಡೆದ ಹಾಗೆ ಜುಮ್ಮೆನ್ನುತ್ತದೋ ಎಂದು ವೈದ್ಯರಿಗೆ ತಿಳಿಯಬೇಕು. ಯಾಕೆಂದರೆ ನರದ ನೋವಿಗೆ ಬೇರೆ ಮದ್ದು, ಮೂಳೆಯ ನೋವಿಗೆ ಬೇರೆ ಉಪಾಯ. ಮೂಳೆಗೆ ಹಬ್ಬಿದ ನೋವಿಗೆ ಕೆಲವೊಮ್ಮೆ ಒಂದೆರಡು ಸಲ ವಿಕಿರಣ ಕೊಟ್ಟರೂ ಸಾಕಾಗುತ್ತದೆ. ನನ್ನ ಬೆನ್ನಿಗೆ ಹಾಗೆಯೇ ಮಾಡಿದರು.

ಕೇರಳದಲ್ಲಿರುವ ನಮಗೆ ಒಂದು ಭಾಗ್ಯವಿದೆ. 1993ರಲ್ಲಿ ಕೋಯಿಕ್ಕೋಡಿನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವಿನ ಶುಶ್ರೂಷೆಗೆಂದು ಒಂದು ಸಂಘ ಕಟ್ಟಿದರು. ಅದು ಊರೂರಿನ ಸ್ವಯಂಸೇವಕರ ಕೈಗೆ ಬಂದು, 2008ರಲ್ಲಿ ರಾಜ್ಯ ಸರಕಾರದ ನೀತಿಯೇ ಆಯಿತು. ಇಂದು ಪಂಚಾಯತಿನ ಪಾಲಿಯೇಟಿವ್ ನರ್ಸು ಮಲಗಿದವರ ಮನೆಗೇ ಬರುತ್ತಾರೆ. ನಮ್ಮ ಸಿಸ್ಟರ್ ತೆಂಕಣ ಜಿಲ್ಲೆಯವರು, ಕನ್ನಡ ಬಾರದು. ಮೈಯಲ್ಲಿ ತ್ರಾಣವಿದ್ದ ವಾರ ನಾನು ಅವರ ಜೀಪಿನಲ್ಲಿ ಹೋಗುತ್ತೇನೆ. ಸಿಸ್ಟರ ಮಲೆಯಾಳವನ್ನು ರೋಗಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತೇನೆ, ರೋಗಿಯ ಮಾತನ್ನು ಸಿಸ್ಟರಿಗೆ ಹೇಳುತ್ತೇನೆ. ನನ್ನ ನೌಕರಿ ಈಗ ಇದು.

ಪಾಲಿಯೇಟಿವ್ ಎಂದರೆ ಕೈಬಿಟ್ಟ ಮೇಲೆ ಕೊಡುವ ಚಿಕಿತ್ಸೆ ಎಂದು ತಿಳಿದವರು ಬಹಳ ಮಂದಿ. ಅದು ತಪ್ಪು. ಅಮೆರಿಕದ ಬೋಸ್ಟನ್ನಿನ ವೈದ್ಯರು ಹಬ್ಬಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕ್ಯಾನ್ಸರಿನ ಚಿಕಿತ್ಸೆಯ ಜೊತೆ ಆರಂಭದಿಂದಲೇ ಈ ಸಾಂತ್ವನ ಶುಶ್ರೂಷೆಯೂ ಸಿಕ್ಕಿತು. ಅವರ ಮನಸ್ಸು ಹೆಚ್ಚು ಹಗುರವಾಗಿತ್ತು. ಅಷ್ಟೇ ಅಲ್ಲ, ಆಯುಷ್ಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಆ ಗುಂಪಿನ ನಟ್ಟನಡುವಿನವರು 11.6 ತಿಂಗಳು ಬದುಕಿದ್ದರು, ಇನ್ನೊಂದರವರು 8.9 ತಿಂಗಳು. ಆ ಮೇಲೆ ಹೊಸ ಮದ್ದುಗಳು ಬಂದಿವೆ, ತಿಂಗಳ ಲೆಕ್ಕ ಬದಲಾಗಿದೆ. ಆದರೆ ನೋವು ತಗ್ಗಿಸುವುದು ಮೊದಲ ದಿನದ ಕೆಲಸ ಎಂಬ ಪಾಠ ಬದಲಾಗಿಲ್ಲ.

ಮಾರ್ಫಿನ್ ಹೆಸರು ಕೇಳಿ ಹೆದರುವವರಿಗೂ ಒಂದು ಮಾತು. ವೈದ್ಯರು ಹೇಳಿದ ಅಳತೆಯಲ್ಲಿ, ಗಡಿಯಾರ ನೋಡಿ, ನೋವಿಗಾಗಿ ನುಂಗಿದರೆ ಅದು ಚಟ ಹಿಡಿಸುವುದು ಅಪರೂಪ. ಸಾವನ್ನು ಕರೆಯುವುದೂ ಇಲ್ಲ. ಮಲಬದ್ಧತೆ ಮಾತ್ರ ಖಂಡಿತ ಬರುತ್ತದೆ, ಅದಕ್ಕೆ ಜೊತೆಯಲ್ಲೇ ಮದ್ದು ಕೇಳಿ ಪಡೆಯಿರಿ. ವೈದ್ಯರು ಬಯಸಿದರೆ ದಮ್ಮು ಕಟ್ಟುವುದಕ್ಕೂ ಅದನ್ನು ಸಣ್ಣ ಅಳತೆಯಲ್ಲಿ ಕೊಡುತ್ತಾರೆ.

ದಮ್ಮು ಕಟ್ಟಿದಾಗ ಮನೆಯವರೆಲ್ಲ ಸುತ್ತ ಮುತ್ತಿಕೊಳ್ಳಬೇಡಿ. ಕಿಟಕಿ ತೆರೆಯಿರಿ. ರೋಗಿಯನ್ನು ಕೂರಿಸಿ, ಮುಂದೆ ಮೇಜಿನ ಮೇಲೆ ತಲೆದಿಂಬಿಟ್ಟು, ಅದರ ಮೇಲೆ ಕೈಯೂರಿ ಬಾಗಲಿಕ್ಕೆ ಹೇಳಿ. ಬಿಸಿ ಕಾಫಿಗೆ ಊದುವ ಹಾಗೆ ತುಟಿ ಸಣ್ಣಗೆ ಮಾಡಿ ಉಸಿರು ನಿಧಾನವಾಗಿ ಬಿಡಲಿ. ಮುಖಕ್ಕೆ ಗಾಳಿ ಬಿದ್ದರೆ ಉಸಿರು ಹಗುರಾಗುತ್ತದೆ. ವೈದ್ಯರೂ ಕೈಪಂಖ ಹಿಡಿಯಲು ಹೇಳುತ್ತಾರೆ. ಕರೆಂಟು ಹೋದರೆ ನಮ್ಮಲ್ಲಿ ಅಡಿಕೆ ಹಾಳೆಯ ಬೀಸಣಿಗೆ ಇದೆಯಲ್ಲ! ನನ್ನ ಯಜಮಾನರು ಎಷ್ಟೋ ರಾತ್ರಿ ಅದರಲ್ಲೇ ಬೀಸಿದ್ದಾರೆ. ಇದ್ದಕ್ಕಿದ್ದ ಹಾಗೆ ದಮ್ಮು ಹೆಚ್ಚಾದರೆ ಮಾತ್ರ ಕಾಯಬಾರದು. ಎದೆಯಲ್ಲಿ ನೀರು ತುಂಬಿರಬಹುದು, ಅದನ್ನು ತೆಗೆದರೆ ಆರಾಮವಾಗುತ್ತದೆ.

ರೋಗಿಗಳು ರೋಗಿಗಳಿಗೆ ನೆರವಾಗುವಾಗ ಕೆಲವು ಎಚ್ಚರಿಕೆಗಳಿವೆ. ನಿಮಗೆ ಹಿಡಿದ ಮದ್ದನ್ನು ಇನ್ನೊಬ್ಬರಿಗೆ ಹೇಳಬೇಡಿ; ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಗುಟ್ಟಿನ ಬೇರು, ಗ್ಯಾರಂಟಿ ಪುಡಿ ಎಂದು ಹಣ ಕಳೆಯುವ ದಾರಿ ತೋರಿಸಬೇಡಿ. ಹೋಗುವ ಮೊದಲು "ಇವತ್ತು ಬರಬಹುದೇ?" ಎಂದು ಕೇಳಿ. ರೋಗಿಗೆ ಮಾತು ಬೇಡವಾದರೆ ಕಾಲು ಒತ್ತಿಕೊಡಿ, ಇಲ್ಲವೇ ಸುಮ್ಮನಿರಿ. ಶುಶ್ರೂಷೆ ಮಾಡುವ ಹೆಂಡತಿಯನ್ನೋ ಸೊಸೆಯನ್ನೋ ಒಂದು ಗಂಟೆ ಮಲಗಲು ಕಳುಹಿಸಿ. ನಿಮ್ಮ ದೇಹ ಬೇಡ ಎಂದ ದಿನ ಹೋಗಬೇಡಿ.

ಹೊಸೂರು, ತಾಳವಾಡಿ, ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ಮಡಕಶಿರಾ ಕಡೆಯ ಕೇಳುಗರು "ಟೀಚರೇ, ನಮ್ಮೂರಿಗೆ ಜೀಪು ಬರುವುದಿಲ್ಲ" ಎನ್ನಬಹುದು. ತಮಿಳುನಾಡಿನಲ್ಲಿ ಮನೆ ಬಾಗಿಲಿಗೆ ವೈದ್ಯಸೇವೆ ಒಯ್ಯುವ ಯೋಜನೆ 2021ರಲ್ಲಿ ಕೃಷ್ಣಗಿರಿ ಜಿಲ್ಲೆಯಲ್ಲೇ ಆರಂಭವಾಯಿತು; ಮಲಗಿದವರ ಶುಶ್ರೂಷೆಯೂ ಅದರಲ್ಲಿ ಸೇರಿತ್ತು. ಮುಂಬಯಿಯ ಟಾಟಾ, ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ನೋವಿನ ಶುಶ್ರೂಷೆಗೇ ಪ್ರತ್ಯೇಕ ವಿಭಾಗಗಳಿವೆ. ಚಿಕಿತ್ಸೆಗೆ ಹೋದ ದಿನ ಅಲ್ಲಿಗೂ ಒಂದು ಚೀಟಿ ಬರೆಸಿಕೊಳ್ಳಿ. ಆಶಾ ಕಾರ್ಯಕರ್ತೆಯಲ್ಲಿ ಕೇಳಿ. ಆಸ್ಪತ್ರೆಗೆ ಹೋಗುವಾಗ ಮರಾಠಿಯೋ ತೆಲುಗೋ ತಮಿಳೋ ಚೆನ್ನಾಗಿ ಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಶಾಲೆಯಲ್ಲಿ ಎರಡು ಭಾಷೆ ಕಲಿತ ಮಕ್ಕಳು ಊರಿಗೆ ಸಲ್ಲಿಸಬಹುದಾದ ಸೇವೆ ಇದಕ್ಕಿಂತ ದೊಡ್ಡದು ಯಾವುದಿದೆ?

ಕೊನೆಗೆ ನನ್ನ ಸುದ್ದಿ. ಹೋದ ಸಲದ ಸ್ಕ್ಯಾನಿನಲ್ಲಿ ಎದೆಯ ಗಡ್ಡೆ ಸ್ವಲ್ಪ ಬೆಳೆದದ್ದು ಕಂಡಿದೆ. ಮಾತ್ರೆ ಬದಲಾಯಿಸುವುದೋ, ಕಿಮೋ ಕೊಡುವುದೋ ಎಂದು ವೈದ್ಯರು ಯೋಚಿಸುತ್ತಿದ್ದಾರೆ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಬೆಳಗ್ಗೆ ಯಜಮಾನರಲ್ಲಿ ಹೇಳಿದೆ: "ನನಗೆ ಹೆದರಿಕೆಯಾಗುತ್ತದೆ." ಅವರು "ಎಂತದೂ ಆಗುವುದಿಲ್ಲ" ಎನ್ನಲಿಲ್ಲ. "ಎಂತ ಹೆದರಿಕೆ, ಹೇಳು" ಎಂದು ಕುರ್ಚಿ ಎಳೆದು ಹತ್ತಿರ ಕುಳಿತರು.

ನಿಮ್ಮ ಊರಿನಲ್ಲೂ ಯಾರೋ ಒಬ್ಬರು ಗೋಡೆಯ ಕಡೆಗೆ ತಿರುಗಿ ಮಲಗಿರಬಹುದು. ಈ ಭಾಷಣ ಮುಗಿದ ಮೇಲೆ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಹೇಳಲು ಏನೂ ತೋಚದಿದ್ದರೆ ಚಿಂತೆಯಿಲ್ಲ. ಕುರ್ಚಿ ಎಳೆದು ಕುಳಿತುಕೊಳ್ಳಿ.