ಜಾಬರನೋ, ಕೂಲಿಯೋ?

(ಗಿರಣಿ ಕೆಲಸಗಾರರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)

ಇವತ್ತಿನ ವಿಷಯ ಕೇಳಿದರೆ ನಿಮಗೆ ನಗು ಬರಬಹುದು. ಅಮೆರಿಕದ ನಾಯಿಬೆಕ್ಕುಗಳ ಆಸ್ಪತ್ರೆಗಳಿಗೆ ಡಾಕ್ಟರನ್ನು ಹುಡುಕಿಕೊಡುವ ಉದ್ಯೋಗದ ವಿಷಯ. ನಮಗೂ ಅದಕ್ಕೂ ಏನು ಸಂಬಂಧವೆಂದು ಕೇಳುವಿರಿ. ಸಂಬಂಧವಿದೆ. ನಾವು ಮೇಷ್ಟ್ರಾಗಿದ್ದಾಗ ನಮ್ಮ ಕೈಯಲ್ಲಿ ಓದಿದ ಹುಡುಗನೊಬ್ಬ, ನೂಲಿನ ಖಾತೆಯಲ್ಲಿ ರಾತ್ರಿ ಪಾಳಿ ಮಾಡಿದ ತಂದೆಯ ಮಗ, ಈಗ ಬೆಂಗಳೂರಿನಲ್ಲಿ ಆ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದವನು ನಮ್ಮ ಜಗುಲಿಯಲ್ಲಿ ಕುಳಿತು, "ಮೇಷ್ಟ್ರೇ, ನಾನು ಜಾಬರನೋ, ಕೂಲಿಯೋ, ನೀವೇ ಹೇಳಿ" ಎಂದ. ಅವತ್ತು ನಮಗೆ ಉತ್ತರ ಹೊಳೆಯಲಿಲ್ಲ. ಇವತ್ತು ನಿಮ್ಮೆದುರು ಅದನ್ನು ಹುಡುಕೋಣ.

ಜಾಬರನೆಂದರೆ ಯಾರೆಂದು ಹಿರಿಯರಿಗೆ ಹೇಳಬೇಕಾಗಿಲ್ಲ. ಆಳು ತರುವವನು ಅವನೇ, ಕೆಲಸ ಹೇಳುವವನು ಅವನೇ, ಮಾಮೂಲು ಕೀಳುವವನೂ ಅವನೇ. ಗಿರಣಿಯ ಬಾಗಿಲು ತೆರೆಯಬೇಕಾದರೆ ಅವನ ಕೈ ಬಿಸಿ ಮಾಡಬೇಕು. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ವಿಟ್ಲಿ ಆಯೋಗ ಈ ಲಂಚದ ಪದ್ಧತಿಯನ್ನು ಎತ್ತಿ ತೋರಿಸಿ, ಆಳು ತೆಗೆದುಕೊಳ್ಳುವ ಅಧಿಕಾರ ಜಾಬರನ ಕೈಯಲ್ಲಿರಬಾರದು, ಅದಕ್ಕೆ ಲೇಬರ್ ಆಫೀಸರು ಬೇಕು ಎಂದು ಹೇಳಿತು.

ಈಗ ಈ ಹೊಸ ಉದ್ಯೋಗ ಹುಟ್ಟಿದ್ದು ಹೇಗೆ ನೋಡಿ. ಆ ದೇಶಗಳಲ್ಲಿ ಪಶುವೈದ್ಯನೆಂದರೆ ನಮ್ಮ ಬೀದಿಯ ಅಂಗಡಿಕಾರನ ಹಾಗೆ, ತನ್ನ ಹೆಸರಿನ ಬೋರ್ಡು, ತನ್ನ ಗಿರಾಕಿಗಳು, ತನ್ನ ಲೆಕ್ಕದ ಪುಸ್ತಕ. ಈಗ ಅಂಥ ಆಸ್ಪತ್ರೆಗಳನ್ನು ದೊಡ್ಡ ಬಂಡವಾಳ ಒಂದೊಂದಾಗಿ ಕೊಂಡುಕೊಳ್ಳುತ್ತಿದೆ. ಚಾಕೊಲೇಟ್ ಮಾರುವ ಮಾರ್ಸ್ ಕಂಪನಿ 2017ರಲ್ಲಿ ವಿ.ಸಿ.ಎ. ಎಂಬ ಸಂಸ್ಥೆಯನ್ನು, ಅದರ ಸುಮಾರು 800 ಪ್ರಾಣಿ ಆಸ್ಪತ್ರೆಗಳೊಂದಿಗೆ, ಸಾಲವೂ ಸೇರಿ ಸುಮಾರು 910 ಕೋಟಿ ಡಾಲರಿಗೆ ಕೊಂಡಿತು. ಬ್ರಿಟನ್ನಿನಲ್ಲಿ 2013ರಲ್ಲಿ ನೂರಕ್ಕೆ ಹತ್ತರಷ್ಟು ಆಸ್ಪತ್ರೆಗಳು ದೊಡ್ಡ ಗುಂಪುಗಳ ಕೈಯಲ್ಲಿದ್ದುವು. ಅದು ನೂರಕ್ಕೆ ಅರವತ್ತರ ಹತ್ತಿರ ಬಂದಿದೆಯೆಂದು ಅಲ್ಲಿನ ಸರಕಾರದ ಸ್ಪರ್ಧಾ ಪ್ರಾಧಿಕಾರ 2024ರಲ್ಲಿ ಹೇಳಿತು. ಎಷ್ಟೋ ಕಡೆ ಹಳೆಯ ಬೋರ್ಡನ್ನು ಹಾಗೆಯೇ ಬಿಟ್ಟಿದ್ದಾರೆ. ಗಿರಾಕಿಗೆ ಅಂಗಡಿ ಅದೇ, ಗಲ್ಲಾಪೆಟ್ಟಿಗೆ ಮಾತ್ರ ಬೇರೆಯವರದು. ಇಲ್ಲಿ ಕುಳಿತಿರುವ ವ್ಯಾಪಾರಿ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಆಸ್ಪತ್ರೆ ಕೊಂಡರೆ ಸಾಲದು, ಒಳಗೆ ವೈದ್ಯ ಬೇಕು. ವೈದ್ಯರಿಗೆ ಅಭಾವ. ಆದ್ದರಿಂದ ದಲ್ಲಾಳಿ ಬಂದ. ವೈದ್ಯನ ವಾರ್ಷಿಕ ಸಂಬಳ 1,00,000 ಡಾಲರ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ನೂರಕ್ಕೆ ಇಪ್ಪತ್ತು ದಲ್ಲಾಳಿಯಾದರೆ ತಲೆಯೊಂದಕ್ಕೆ 20,000 ಡಾಲರ್. ವೈದ್ಯ ಸೇರಿ ಮೂರು ತಿಂಗಳೊಳಗೆ ಬಿಟ್ಟರೆ ಹಣ ವಾಪಸು, ಇಲ್ಲವೆ ಬದಲಿ ಆಳು ಎಂಬ ಕರಾರು. ವೈದ್ಯನಿಗೂ ಗಾಳವುಂಟು. ಸೇರುವಾಗ ದೊಡ್ಡ ಮೊತ್ತದ ಬೋನಸ್ಸು. ಎರಡು ಮೂರು ವರ್ಷ ನಿಲ್ಲದಿದ್ದರೆ ತಿರುಗಿ ಕಟ್ಟಬೇಕು. ಮಲೆನಾಡಿನ ಕಾಫಿ ತೋಟಕ್ಕೆ ಆಳು ತರುತ್ತಿದ್ದ ಮೇಸ್ತ್ರಿಯ ಮುಂಗಡ ನೆನಪಾಗುವುದಿಲ್ಲವೇ?

ನಮ್ಮ ಹುಡುಗನ ದಿನಚರಿ ಕೇಳಿ. ಅಮೆರಿಕದ ಬೆಳಗು ನಮ್ಮ ಸಂಜೆ. ಆರೂವರೆಗೆ ಫೋನಿನ ಮುಂದೆ ಕುಳಿತರೆ ಏಳುವುದು ಬೆಳಗಿನ ಜಾವ ಮೂರೂವರೆಗೆ. ಅಪ್ಪ ಅಮ್ಮ ಇಟ್ಟ ಹೆಸರು ಅಲ್ಲಿ ನಡೆಯದು. ಫೋನಿನಲ್ಲಿ ಅವನು ಮೈಕ್. ಸಂಬಳ ಸಣ್ಣದು, ತಿಂಗಳಿಗೆ ಇಷ್ಟು ತಲೆ ಸೇರಿಸಿದರೆ ಮೇಲೊಂದಿಷ್ಟು. ಅವನು ಆ ಕಂಪನಿಯ ನೌಕರನೂ ಅಲ್ಲ. ಇನ್ನೊಬ್ಬ ಕಂಟ್ರಾಕ್ಟರ್ ಮೂಲಕ ಬಂದವನು, ಕಾಗದ ಹನ್ನೊಂದು ತಿಂಗಳಿಗೆ. ಆಳು ಹುಡುಕುವವನನ್ನೇ ಇನ್ನೊಬ್ಬ ದಲ್ಲಾಳಿ ಹುಡುಕಿ ತಂದಿದ್ದಾನೆ!

ಒಂದು ರಾತ್ರಿ ನಡೆದದ್ದು. ಒಂದು ಆಸ್ಪತ್ರೆಗೆ ವೈದ್ಯೆ ಬೇಕಾಗಿತ್ತು. ಶನಿವಾರದ ದುಡಿಮೆ ಮತ್ತು ರಾತ್ರಿಯ ತುರ್ತು ಪಾಳಿಯ ಮಾತನ್ನು ಮೊದಲು ಎತ್ತಬೇಡವೆಂದು ಮೇಲಿನವರ ಅಪ್ಪಣೆ. ಆಕೆಗೆ ಪುಟ್ಟ ಮಗು. ಮಾತು ಮುಗಿಯುವ ಹೊತ್ತಿಗೆ, "ರಾತ್ರಿ ಪಾಳಿ ಇದೆಯೇ, ನಿಜ ಹೇಳಿ" ಎಂದು ಆಕೆಯೇ ಕೇಳಿದಳು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪನಿಗೆ ನಿದ್ದೆ ಕೆಡಬಾರದೆಂದು ಮನೆಯಲ್ಲಿ ಪಿಸುಮಾತಿನಲ್ಲಿ ಬೆಳೆದ ಹುಡುಗ ಇವನು. "ಇದೆ, ಅಮ್ಮಾ" ಎಂದುಬಿಟ್ಟ. ಆಕೆ ಕೃತಜ್ಞತೆ ಹೇಳಿ ಫೋನಿಟ್ಟಳು. ಆ ತಿಂಗಳು ಇವನಿಗೆ ಮೇಲ್ಸಂಬಳವಿಲ್ಲ, ಎಚ್ಚರಿಕೆಯ ಕಾಗದ ಬೇರೆ. ಮನೆಗೆ ಹಣ ಬರಲಿಲ್ಲ. "ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ ಮೇಷ್ಟ್ರೇ. ಆದರೆ ಮುಂದಿನ ಸಲ ಹೇಳುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ" ಎಂದ.

ಸ್ನೇಹಿತರೇ, ಆ ಮಾತು ನಮ್ಮ ನಿದ್ದೆ ಕೆಡಿಸಿತು. ಪಾಠ ಹೇಳುವಾಗ ಸತ್ಯ ಹೇಳಬೇಕೆಂದು ನಾವೇ ಕಲಿಸಿದೆವು. ಸತ್ಯ ಹೇಳಿದವನ ಕೂಲಿ ಕತ್ತರಿಸಿದರೆ ಏನು ಮಾಡಬೇಕೆಂದು ಕಲಿಸಲಿಲ್ಲ.

ಜಾಬರ್ ಕೂಲಿಯವನಿಂದ ಹಣ ಕೀಳುತ್ತಿದ್ದ. ನಮ್ಮ ಹುಡುಗ ವೈದ್ಯರಿಂದ ಬಿಡಿಕಾಸು ಮುಟ್ಟುವುದಿಲ್ಲ. ಕೆಲಸ ಹುಡುಕುವವನಿಂದ ದಲ್ಲಾಳಿ ತೆಗೆದುಕೊಳ್ಳಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರ 181ನೆಯ ಒಪ್ಪಂದದಲ್ಲಿ ಬರೆದಿದೆ. ಒಳ್ಳೆಯದು. ಆದರೆ ಹಣ ಕೀಳದಿದ್ದರೂ ನಿಜವನ್ನು ಮುಚ್ಚಿಟ್ಟರೆ ಅದೂ ದುಡಿಯುವವನಿಂದ ಕಿತ್ತುಕೊಂಡದ್ದೇ. ಇದಕ್ಕೆ ಹುಡುಗನ ಗುಣ ಕಾರಣವಲ್ಲ, ಅವನಿಗೆ ಕೂಲಿ ಕೊಡುವ ರೀತಿ ಕಾರಣ. ತಲೆಗಿಷ್ಟು ಎಂದು ಕೊಟ್ಟರೆ ಸುಳ್ಳು ಹುಟ್ಟುತ್ತದೆ. ತಿಂಗಳಿಗಿಷ್ಟು ಎಂದು ನೆಮ್ಮದಿಯ ಸಂಬಳ ಕೊಟ್ಟರೆ ಅದೇ ಬಾಯಿ ನಿಜ ಹೇಳುತ್ತದೆ. ಸುಳ್ಳಿನ ಲಾಭ ಧಣಿಗೆ, ಅದರ ಪಾಪ ಹುಡುಗನ ತಲೆಗೆ.

ಆದ್ದರಿಂದ ನಮ್ಮ ಉತ್ತರ ಇದು: ಮಗೂ, ನೀನು ಕೂಲಿಯೇ. ನಿನ್ನನ್ನು ಜಾಬರನನ್ನಾಗಿ ಮಾಡಲು ನೋಡುತ್ತಿದ್ದಾರೆ, ಆಗಬೇಡ. ಆದರೆ ಒಬ್ಬನೇ ನಿಂತರೆ ಆಗದೆ ಇರಲು ನಿನ್ನಿಂದ ಆಗದು. ನಿನ್ನ ಪಕ್ಕದ ಕುರ್ಚಿಯಲ್ಲಿ ಕುಳಿತವನೂ ಹೀಗೆಯೇ ಹೆದರಿದ್ದಾನೆ. ಅವನ ಜೊತೆ ಮಾತಾಡು. ಕೆಲಸದ ಹೊತ್ತು, ಪಾಳಿ, ಬೋನಸ್ಸಿನ ಕರಾರು, ಎಲ್ಲವನ್ನೂ ಮೊದಲೇ ಬರೆದು ಕೊಡಲಿ ಎಂದು ಕೇಳಿ. ತಲೆಲೆಕ್ಕ ಬಿಟ್ಟು ತಿಂಗಳ ಸಂಬಳ ಕೊಡಲಿ, ಕಂಟ್ರಾಕ್ಟರನ್ನು ನಡುವಿನಿಂದ ತೆಗೆಯಲಿ ಎಂದು ಕೇಳಿ. ಇಬ್ಬರು ಕೇಳಿದರೆ ಹೊರಗೆ ಕಳಿಸಬಹುದು, ಇನ್ನೂರು ಜನ ಕೇಳಿದರೆ ಕೂರಿಸಿ ಮಾತಾಡಲೇಬೇಕು. ನಿನ್ನ ಅಪ್ಪನಿಗೆ ಇದು ಗೊತ್ತು, ಕೇಳಿ ನೋಡು.

ನಿಮ್ಮ ಮನೆಯ ಮಕ್ಕಳೂ ಇಂಥ ಕಚೇರಿಗಳಲ್ಲಿ ಇದ್ದಾರೆ. ಮುಂದಿನ ಹಬ್ಬಕ್ಕೆ ಬಂದಾಗ ಸಂಬಳ ಎಷ್ಟೆಂದು ಮಾತ್ರ ಕೇಳಬೇಡಿ, ಏನು ಹೇಳಿಸುತ್ತಾರೆಂದೂ ಕೇಳಿ. ಕೇಳಿ, ಈ ವಾಚನಾಲಯಕ್ಕೆ ಕರೆದುಕೊಂಡು ಬನ್ನಿ. ಬಾಗಿಲು ತೆರೆದಿರುತ್ತದೆ, ಇಲ್ಲಿ ಯಾರ ಕೈಯನ್ನೂ ಬಿಸಿ ಮಾಡಬೇಕಾಗಿಲ್ಲ.