ಘಾಟ್ಕೋಪರ್ ಟೆರೇಸಿನಲ್ಲಿ ಕಾಣದ ಕೃತ್ತಿಕೆ

ಇವತ್ತು ಕೋಡಿಂಗ್ ವಿಷಯ ಅಲ್ಲ, ಗಾಬರಿ ಆಗಬೇಡಿ.

ಹೋದ ಜನವರಿಯಲ್ಲಿ ಗದಗ ಕಡೆಯ ನಮ್ಮೂರಿಂದ ಅಪ್ಪ ಘಾಟ್ಕೋಪರ್‌ಗೆ ಬಂದಿದ್ದರು. ರಾತ್ರಿ ಊಟ ಮುಗಿಸಿ ಟೆರೇಸಿಗೆ ಹೋದವರು ಅರ್ಧ ಗಂಟೆಯಾದರೂ ಕೆಳಗೆ ಬರಲಿಲ್ಲ. ಹೋಗಿ ನೋಡಿದರೆ ಕತ್ತೆತ್ತಿ ನಿಂತಿದ್ದಾರೆ. "ತಮ್ಮಾ, ಕೃತ್ತಿಕಾ ಕಾಣವಲ್ದು. ಕಣ್ಣಿನ ಆಪರೇಷನ್ ಸರಿ ಆಗಿಲ್ಲ ಅನಸ್ತದ" ಅಂದರು. ನಮ್ಮ ಮನೇಲಿ ಕೃತ್ತಿಕೆಯ ಆರು ಚುಕ್ಕಿ ಎಣಿಸೋದೇ ಕಣ್ಣಿನ ಪರೀಕ್ಷೆ. ನಾನೂ ಹುಡುಕಿದೆ, ಒಂದೂ ಸಿಗಲಿಲ್ಲ. ಇಷ್ಟು ವರ್ಷ ಇಲ್ಲಿದ್ದೂ ಅದು ಕಾಣ್ತಿಲ್ಲ ಅನ್ನೋದೇ ನನಗೆ ಗೊತ್ತಿರಲಿಲ್ಲ.

ತಪ್ಪು ಅಪ್ಪನ ಕಣ್ಣಿನದಲ್ಲ. ಮೇಲಕ್ಕೆ ಹೋದ ಬೆಳಕು ಧೂಳು, ತೇವಕ್ಕೆ ಬಡಿದು ಚದುರಿ ವಾಪಸ್ ಬರುತ್ತೆ, ಆಕಾಶವೇ ಹೊಳೆಯುತ್ತೆ. ನೀಲಿ ಬೆಳಕು ಹೆಚ್ಚು ಚದುರುತ್ತೆ, ಹಾಗಾಗಿ ಹಳೇ ಹಳದಿ ಸೋಡಿಯಂ ದೀಪಕ್ಕಿಂತ ಬಿಳಿ ಎಲ್‌ಇಡಿ ಕಾಟ ಜಾಸ್ತಿ. 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, 2011ರಿಂದ 2022ರವರೆಗೆ ಆಕಾಶದ ಹೊಳಪು ವರ್ಷಕ್ಕೆ ಸುಮಾರು ಶೇ. 10ರಷ್ಟು ಏರಿದೆ. ಅಂದರೆ ಮಗು ಹುಟ್ಟಿದಾಗ 250 ನಕ್ಷತ್ರ ಕಾಣ್ತಿದ್ದ ಜಾಗದಲ್ಲಿ, ಅದಕ್ಕೆ 18 ತುಂಬುವಾಗ 100 ಕಾಣುತ್ತೆ. ಉಪಗ್ರಹಗಳ ಲೆಕ್ಕ ಇದಕ್ಕಿಂತ ತುಂಬಾ ಕಮ್ಮಿ ಇತ್ತು. ಅವುಗಳ ಸೆನ್ಸರ್‌ಗೆ ನೀಲಿ ಬೆಳಕು ಸರಿಯಾಗಿ ಕಾಣೋದೇ ಇಲ್ಲ! ಡ್ಯಾಶ್‌ಬೋರ್ಡ್ ಹಸಿರು, ಯೂಸರ್ ಮಾತ್ರ ಅಳ್ತಿದಾನೆ. ನಮಗಿದು ಹೊಸದೇನಲ್ಲ ಬಿಡಿ.

ಅಮಾವಾಸ್ಯೆ ಹತ್ತಿರದ ಶನಿವಾರ ಅಪ್ಪನನ್ನ ಕರ್ಜತ್ ಲೋಕಲ್ ಹತ್ತಿಸಿ ವಾಂಗಣಿಗೆ ಕರ್ಕೊಂಡು ಹೋದೆ. ಖಗೋಲ್ ಮಂಡಲ್‌ನವರು ವರ್ಷಗಳಿಂದ ರಾತ್ರಿಯಿಡೀ ಆಕಾಶ ತೋರಿಸುವ ಊರು ಅದು. ಬದ್ಲಾಪುರದ ದಿಕ್ಕಿನಲ್ಲಿ ಅಲ್ಲೂ ಮಬ್ಬು ಬೆಳಕಿದೆ. ಆದರೆ ನೆತ್ತಿ ಮೇಲೆ ಕೃತ್ತಿಕೆ ಇತ್ತು. ಅಪ್ಪ ಬೆರಳು ಮಡಚಿ ಮಡಚಿ ಎಣಿಸಿದರು. ಆರು. ಆಮೇಲೆ ಇನ್ನೊಂದು ಸಲ ಎಣಿಸಿದರು.

ಲಡಾಖ್‌ನ ಹಾನ್ಲೆಯಲ್ಲಿ 2022ರಿಂದ ಕತ್ತಲೆಗೇ ಮೀಸಲು ಪ್ರದೇಶ ಇದೆ. ಅಲ್ಲಿನ ದೂರದರ್ಶಕವನ್ನ ನಮ್ಮ ಹೊಸಕೋಟೆಯಿಂದ ರಿಮೋಟ್ ಆಗಿ ನಡೆಸ್ತಾರೆ. ನಾವೆಲ್ಲ ಹಾನ್ಲೆಗೆ ಹೋಗಿ ಇರೋಕಾಗಲ್ಲವಲ್ಲ. ಅದಕ್ಕೇ ಸೊಸೈಟಿ ಮೀಟಿಂಗ್‌ನಲ್ಲಿ ಟೆರೇಸಿನ ನಾಲ್ಕು ಫ್ಲಡ್‌ಲೈಟ್ ವಿಷಯ ಎತ್ತಿದೆ. "ಸೇಫ್ಟಿ ಸಾಹೇಬ್" ಅಂದರು ಸೆಕ್ರೆಟರಿ. ಬೆಳಕು ಆಕಾಶಕ್ಕೆ ಹೋದರೆ ಗೇಟಿಗೆ ಎಲ್ಲಿಂದ ಸೇಫ್ಟಿ ಅಂತ ಕೇಳಿದೆ. ಸದ್ಯ ಎರಡನ್ನ ಕೆಳಮುಖ ಮಾಡಿದ್ದಾರೆ. ಉಳಿದ ಎರಡು ಮುಂದಿನ ಮೀಟಿಂಗ್‌ಗೆ.

ಅಪ್ಪ ಊರಿಗೆ ವಾಪಸ್ ಹೋದರು. ಅಲ್ಲೂ ಬಸ್‌ಸ್ಟ್ಯಾಂಡ್ ಹತ್ತಿರ ಹೈಮಾಸ್ಟ್ ದೀಪ ಹಾಕ್ತಾರಂತೆ, ಮೊನ್ನೆ ಫೋನಿನಲ್ಲಿ ಹೇಳಿದರು.